ಬೆಳಗಾವಿಯ ಸೇನಾ ನೆಲೆ, ಅಲ್ಲಿನ ಪಡೆಗಳು ಮತ್ತು ತರಬೇತಿ: ಕರಾವಳಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಬ್ಯಾಂಕಿನ ಪರೀಕ್ಷೆ, ಹಡಗಿನ ಕೆಲಸ ಅಥವಾ ಗಲ್ಫ್ ವೀಸಾದ ಬಗ್ಗೆ ವಿಚಾರಿಸಬೇಕೆಂದರೆ ಮಂಗಳೂರು, ಉಡುಪಿ ಕಡೆ ಪಕ್ಕದ ಮನೆಯಲ್ಲೇ ತಿಳಿದವರು ಸಿಗುತ್ತಾರೆ. ಸೇನೆಯ ವಿಚಾರ ಹಾಗಲ್ಲ. ಪಕ್ಕದ ಕೊಡಗಿನಲ್ಲಿ ಮನೆಮನೆಗೂ ಇರುವ ತಿಳುವಳಿಕೆ ನಮ್ಮ ಎರಡು ಜಿಲ್ಲೆಗಳಲ್ಲಿ ಕೆಲವೇ ಕುಟುಂಬಗಳಿಗೆ ಸೀಮಿತವಾಗಿದೆ. ಹೀಗಾಗಿ ಮಗ ಅಗ್ನಿವೀರನಾಗಿ ಆಯ್ಕೆಯಾದ ಮನೆಯವರು, ಎನ್‌ಸಿಸಿ ಸೇರಿದ ವಿದ್ಯಾರ್ಥಿಗಳು ಮತ್ತು ತೀರಿಕೊಂಡ ನಿವೃತ್ತ ಸೈನಿಕರ ಪತ್ನಿಯರು ಕೇಳುವ ಪ್ರಶ್ನೆಗಳು ಬಹುಪಾಲು ಒಂದೇ ಬಗೆಯವು. ರಾಜ್ಯದೊಳಗಿನ ದೊಡ್ಡ ಸೇನಾ ನೆಲೆಗಳಲ್ಲಿ ಒಂದಾದ ಬೆಳಗಾವಿಯನ್ನು ಮುಂದಿಟ್ಟುಕೊಂಡು ಅವುಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಸೈನಿಕ ತರಬೇತಿ ಪಡೆಯುವ ಜಾಗ, ಅವನು ಸೇರಿದ ಪಡೆ ಮತ್ತು ಅವನು ಕೆಲಸ ಮಾಡುವ ಜಾಗ, ಈ ಮೂರನ್ನೂ ಒಂದೇ ಎಂದುಕೊಳ್ಳುವುದರಿಂದಲೇ ಹೆಚ್ಚಿನ ಗೊಂದಲಗಳು ಹುಟ್ಟುತ್ತವೆ ಎಂಬುದನ್ನು ಓದುಗರು ಮೊದಲೇ ಗಮನದಲ್ಲಿಟ್ಟುಕೊಂಡರೆ ಮುಂದಿನ ಉತ್ತರಗಳು ಸುಲಭವಾಗುತ್ತವೆ.

ಮಂಗಳೂರು ಅಥವಾ ಉಡುಪಿಯಲ್ಲೇ ಭೂಸೇನೆಯ ತರಬೇತಿ ಕೇಂದ್ರ ಇಲ್ಲವೇ?

ಇಲ್ಲ. ಮಂಗಳೂರಿನಲ್ಲಿ ಸೇನಾ ನೇಮಕಾತಿ ಕಚೇರಿ, ಎನ್‌ಸಿಸಿ ಗ್ರೂಪ್ ಪ್ರಧಾನ ಕಚೇರಿ, ನಿವೃತ್ತ ಸೈನಿಕರ ಇಸಿಎಚ್‌ಎಸ್ ಪಾಲಿಕ್ಲಿನಿಕ್ ಮತ್ತು ಕ್ಯಾಂಟೀನ್ ಇವೆ. ಸೈನಿಕರನ್ನು ತಯಾರುಮಾಡುವ ಕೇಂದ್ರ ಇಲ್ಲ. ಪಣಂಬೂರಿನಲ್ಲಿ ಕಾಣುವ ಬಿಳಿ ಹಡಗುಗಳು ಕೋಸ್ಟ್ ಗಾರ್ಡ್‌ಗೆ ಸೇರಿದವು. ಅದು ರಕ್ಷಣಾ ಸಚಿವಾಲಯದ ಅಧೀನದಲ್ಲಿದ್ದರೂ ಭೂಸೇನೆ, ನೌಕಾಪಡೆ, ವಾಯುಪಡೆ ಮೂರರಿಂದಲೂ ಬೇರೆಯಾದ ಪಡೆ. ಮಲ್ಪೆಯಲ್ಲಿ ಪ್ರಧಾನ ಕಚೇರಿ ಹೊಂದಿರುವ ಕರಾವಳಿ ಕಾವಲು ಪೊಲೀಸ್ ರಾಜ್ಯ ಪೊಲೀಸ್ ಇಲಾಖೆಯ ಭಾಗ. ಕಾರವಾರದ ಐಎನ್‌ಎಸ್ ಕದಂಬ 2005ರಲ್ಲಿ ಕಾರ್ಯಾರಂಭ ಮಾಡಿದ ನೌಕಾನೆಲೆ. ಸಮವಸ್ತ್ರ ಕಂಡಲ್ಲೆಲ್ಲ ‘ಮಿಲಿಟರಿ’ ಎನ್ನುವ ನಮ್ಮ ಅಭ್ಯಾಸದಿಂದ ಅರ್ಜಿ ಹಾಕುವ ಹಂತದಲ್ಲೇ ದಾರಿ ತಪ್ಪುವವರಿದ್ದಾರೆ: ನಾಲ್ಕಕ್ಕೂ ಬೇರೆ ಬೇರೆ ಅಧಿಸೂಚನೆ, ಬೇರೆ ಪರೀಕ್ಷೆ, ಬೇರೆ ಸೇವಾ ನಿಯಮಗಳಿವೆ.

ಹಾಗಾದರೆ ಬೆಳಗಾವಿಯ ನೆಲೆಯಲ್ಲಿ ಇರುವುದೇನು?

ಊರಿನವರು ‘ಕ್ಯಾಂಪ್’ ಎಂದು ಕರೆಯುವ ಕಂಟೋನ್ಮೆಂಟ್ ಪ್ರದೇಶ ಮತ್ತು ಅದರ ಸುತ್ತಮುತ್ತ ಹಲವು ಸಂಸ್ಥೆಗಳಿವೆ. ಮೊದಲನೆಯದು, ಎಂಎಲ್‌ಐಆರ್‌ಸಿ ಎಂದು ಪರಿಚಿತವಾದ ಮರಾಠಾ ಲೈಟ್ ಇನ್‌ಫೆಂಟ್ರಿ ರೆಜಿಮೆಂಟಲ್ ಸೆಂಟರ್. ಹೊಸದಾಗಿ ಭರ್ತಿಯಾದ ಹುಡುಗರು ಸೈನಿಕರಾಗುವುದು ಇಲ್ಲಿ. ಎರಡನೆಯದು, ಮಧ್ಯಪ್ರದೇಶದ ಮ್ಹೋವ್‌ನಲ್ಲಿರುವ ಇನ್‌ಫೆಂಟ್ರಿ ಸ್ಕೂಲ್‌ನ ಜೂನಿಯರ್ ಲೀಡರ್ಸ್ ವಿಂಗ್. ಇಲ್ಲಿ ಕಲಿಯುವವರು ಈಗಾಗಲೇ ಸೇವೆಯಲ್ಲಿರುವ ಕಿರಿಯ ಅಧಿಕಾರಿಗಳು, ಜೆಸಿಒಗಳು (ಸುಬೇದಾರ್ ಮುಂತಾದವರು) ಮತ್ತು ಎನ್‌ಸಿಒಗಳು (ನಾಯಕ್, ಹವಾಲ್ದಾರ್ ಮುಂತಾದವರು). ಮೂರನೆಯದು, ವಿದೇಶಿ ಸೇನೆಗಳೊಂದಿಗೆ ಜಂಟಿ ಅಭ್ಯಾಸ ನಡೆಸಲು ಸಜ್ಜುಗೊಳಿಸಿದ ತರಬೇತಿ ತಾಣ. ಇವಲ್ಲದೆ ಮಿಲಿಟರಿ ಆಸ್ಪತ್ರೆ ಇದೆ, 1945ರಲ್ಲಿ ಆರಂಭವಾದ ರಾಷ್ಟ್ರೀಯ ಮಿಲಿಟರಿ ಶಾಲೆ ಇದೆ. ವಿಮಾನ ನಿಲ್ದಾಣವಿರುವ ಸಾಂಬ್ರಾದಲ್ಲಿ ವಾಯುಪಡೆಯ ಏರ್‌ಮೆನ್ ತರಬೇತಿ ಶಾಲೆ ಇದೆ. ಅದಕ್ಕೂ ಭೂಸೇನೆಯ ಕೇಂದ್ರಕ್ಕೂ ಆಡಳಿತದ ಸಂಬಂಧವಿಲ್ಲ. ‘ಮಗ ಬೆಳಗಾವಿಯಲ್ಲಿ ಟ್ರೈನಿಂಗ್‌ನಲ್ಲಿದ್ದಾನೆ’ ಎಂದು ಯಾರಾದರೂ ಹೇಳಿದರೆ, ಇವುಗಳಲ್ಲಿ ಯಾವುದರಲ್ಲಿ ಎಂದು ಕೇಳಿ ತಿಳಿಯುವುದು ಉತ್ತಮ.

ರೆಜಿಮೆಂಟಲ್ ಸೆಂಟರ್ ಎಂದರೆ ಯುದ್ಧಕ್ಕೆ ಹೋಗುವ ಪಡೆಯೇ? ತರಬೇತಿ ಮುಗಿದ ಮೇಲೆ ಹುಡುಗ ಅಲ್ಲಿಯೇ ಉಳಿಯುತ್ತಾನೆಯೇ?

ಎರಡೂ ಅಲ್ಲ. ಪೋಷಕರು ಅತಿ ಹೆಚ್ಚು ಬಾರಿ ಕೇಳುವ ಪ್ರಶ್ನೆ ಇದಾದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕಾಗುತ್ತದೆ.

ಭೂಸೇನೆಯ ಪದಾತಿ ದಳದಲ್ಲಿ ಕಾದಾಡುವ ಮೂಲ ಪಡೆ ಬೆಟಾಲಿಯನ್. ಒಬ್ಬ ಕರ್ನಲ್‌ನ ಕೈಕೆಳಗೆ ಸರಿಸುಮಾರು 800 ಮಂದಿ ಇರುವ ಈ ಪಡೆಯಲ್ಲಿ ನಾಲ್ಕು ರೈಫಲ್ ಕಂಪನಿಗಳು, ಮಾರ್ಟರ್ ಮುಂತಾದ ಭಾರಿ ಆಯುಧಗಳನ್ನು ನಿಭಾಯಿಸುವ ಒಂದು ಸಪೋರ್ಟ್ ಕಂಪನಿ ಮತ್ತು ಒಂದು ಹೆಡ್‌ಕ್ವಾರ್ಟರ್ ಕಂಪನಿ ಇರುತ್ತವೆ. ಕಂಪನಿಯೊಳಗೆ ಮೂರು ಪ್ಲಟೂನ್, ಪ್ಲಟೂನಿನೊಳಗೆ ಮೂರು ಸೆಕ್ಷನ್. ಹತ್ತು ಮಂದಿಯ ಈ ಸೆಕ್ಷನ್ನೇ ಹೊಸ ಸೈನಿಕನಿಗೆ ದಿನನಿತ್ಯದ ಮನೆ. ಬೆಟಾಲಿಯನ್ ಒಂದೇ ಊರಲ್ಲಿ ಬೇರೂರುವುದಿಲ್ಲ. ಕೆಲವು ವರ್ಷ ಗಡಿಯಲ್ಲಿ ಅಥವಾ ಎತ್ತರದ ಪ್ರದೇಶದಲ್ಲಿ, ಅನಂತರ ಕೆಲವು ವರ್ಷ ‘ಪೀಸ್ ಸ್ಟೇಷನ್’ ಎನ್ನುವ ಶಾಂತಿ ನೆಲೆಯಲ್ಲಿ, ಹೀಗೆ ಇಡೀ ಪಡೆಯೇ ಸ್ಥಳ ಬದಲಾಯಿಸುತ್ತದೆ.

ರೆಜಿಮೆಂಟ್ ಎಂಬುದು ಇಂಥ ಹಲವು ಬೆಟಾಲಿಯನ್‌ಗಳ ಕುಲ. ಅವು ದೇಶದ ಬೇರೆ ಬೇರೆ ಮೂಲೆಗಳಲ್ಲಿ, ಹಲವು ಬೆಟಾಲಿಯನ್‌ಗಳು ಸೇರಿದ ಬೇರೆ ಬೇರೆ ಬ್ರಿಗೇಡುಗಳ ಅಡಿಯಲ್ಲಿ ಕೆಲಸ ಮಾಡುತ್ತಿರುತ್ತವೆ. ಒಟ್ಟಾಗಿ ಒಂದು ಪಡೆಯಾಗಿ ಯುದ್ಧಕ್ಕೆ ಹೋಗುವುದಿಲ್ಲ. ಅವುಗಳಿಗೆಲ್ಲ ಸಮಾನವಾಗಿರುವುದು ಹೆಸರು, ಟೋಪಿಯ ಲಾಂಛನ, ಯುದ್ಧಘೋಷ, ಸಂಪ್ರದಾಯ ಮತ್ತು ಒಂದು ರೆಜಿಮೆಂಟಲ್ ಸೆಂಟರ್. ಬ್ರಿಗೇಡಿಯರ್ ದರ್ಜೆಯ ಕಮಾಂಡೆಂಟ್ ನಡೆಸುವ ಈ ಸೆಂಟರ್ ಹೊಸಬರಿಗೆ ತರಬೇತಿ ಕೊಟ್ಟು ಬೆಟಾಲಿಯನ್‌ಗಳಿಗೆ ಕಳುಹಿಸುತ್ತದೆ, ನಿವೃತ್ತಿಯ ಮುನ್ನ ಮರಳಿ ಬರುವವರ ಕಾಗದಪತ್ರ ಮುಗಿಸಿ ಮನೆಗೆ ಬೀಳ್ಕೊಡುತ್ತದೆ. ಆದ್ದರಿಂದ ಬೆಳಗಾವಿಯಲ್ಲಿ ತರಬೇತಿ ಪಡೆದವನು ಅಲ್ಲಿಂದ ನೇರವಾಗಿ ಜಮ್ಮು ಕಾಶ್ಮೀರಕ್ಕೋ ಅರುಣಾಚಲಕ್ಕೋ ಹೋಗಿ ತನ್ನ ಬೆಟಾಲಿಯನ್ ಸೇರಿಕೊಳ್ಳುವುದು ಸಹಜ. ‘ಊರಿಗೆ ಹತ್ತಿರ’ ಎಂಬ ಕಾರಣಕ್ಕೆ ಬೆಳಗಾವಿಯನ್ನು ಬಯಸುವವರಿಗೆ ಹೇಳಬೇಕಾದದ್ದು ಇಷ್ಟೆ: ಆ ಹತ್ತಿರ ಕೆಲವು ತಿಂಗಳುಗಳದ್ದು ಮಾತ್ರ.

ಮರಾಠಾ ಲೈಟ್ ಇನ್‌ಫೆಂಟ್ರಿಯ ಹಿನ್ನೆಲೆಯೇನು?

ಇದರ ಅತ್ಯಂತ ಹಳೆಯ ಬೆಟಾಲಿಯನ್ ‘ಜಂಗಿ ಪಲ್ಟನ್’. ಅದು 1768ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಾಂಬೆ ಸಿಪಾಯಿಗಳ ಪಡೆಯಾಗಿ ರಚನೆಯಾಯಿತು. ಬೆಳಗಾವಿ ಕೋಟೆ ಬ್ರಿಟಿಷರ ಕೈಸೇರಿದ್ದು 1818ರಲ್ಲಿ. 1922ರ ಪುನರ್‌ರಚನೆಯ ನಂತರ ಈ ಊರು ರೆಜಿಮೆಂಟಿನ ತರಬೇತಿಯ ತವರಾಯಿತು. ಎರಡನೇ ಮಹಾಯುದ್ಧದಲ್ಲಿ ಇಟಲಿಯ ರಣರಂಗದಲ್ಲಿ ತೋರಿದ ಶೌರ್ಯಕ್ಕಾಗಿ ನಾಯಕ್ ಯಶವಂತ ಘಾಡ್ಗೆ ಅವರಿಗೆ 1944ರ ಕಾದಾಟಕ್ಕೆ ಮರಣೋತ್ತರವಾಗಿಯೂ, ಸಿಪಾಯಿ ನಾಮದೇವ ಜಾಧವ್ ಅವರಿಗೆ 1945ರ ಕಾದಾಟಕ್ಕೂ ವಿಕ್ಟೋರಿಯಾ ಕ್ರಾಸ್ ದೊರೆಯಿತು. ಘಾಡ್ಗೆ ಇದ್ದ ಮೂರನೇ ಬೆಟಾಲಿಯನ್ ಮುಂದೆ ಪ್ಯಾರಾಶೂಟ್ ರೆಜಿಮೆಂಟಿಗೆ ವರ್ಗವಾಗಿ ಇಂದು 2 ಪ್ಯಾರಾ ಎನಿಸಿಕೊಂಡಿದೆ. 21ನೇ ಬೆಟಾಲಿಯನ್ ಇಂದಿನ 21 ಪ್ಯಾರಾ ಸ್ಪೆಷಲ್ ಫೋರ್ಸಸ್. ಪಡೆಗಳು ಊರು ಬದಲಿಸುವಂತೆ ಅಪರೂಪಕ್ಕೊಮ್ಮೆ ಕುಲವನ್ನೂ ಬದಲಿಸುತ್ತವೆ ಎಂಬುದಕ್ಕೆ ಇವು ನಿದರ್ಶನ. ರೆಜಿಮೆಂಟಿನ ಧ್ಯೇಯವಾಕ್ಯ ‘ಕರ್ತವ್ಯ, ಮಾನ, ಸಾಹಸ’. ಯುದ್ಧಘೋಷ ‘ಬೋಲ್ ಶ್ರೀ ಛತ್ರಪತಿ ಶಿವಾಜಿ ಮಹಾರಾಜ್ ಕೀ ಜೈ’.

ಹೆಸರೇ ‘ಮರಾಠಾ’. ತುಳು, ಕೊಂಕಣಿ, ಬ್ಯಾರಿ ಮಾತನಾಡುವ ನಮ್ಮ ಹುಡುಗರಿಗೆ ಅಲ್ಲಿ ಜಾಗವಿದೆಯೇ?

ಇದೆ. ರೆಜಿಮೆಂಟಿನಲ್ಲಿ ಮಹಾರಾಷ್ಟ್ರದವರೇ ಹೆಚ್ಚು, ಆದರೆ ಕರ್ನಾಟಕದವರೂ ಮೊದಲಿನಿಂದ ಇದ್ದಾರೆ. ಅಗ್ನಿಪಥ ಯೋಜನೆಯ ಘೋಷಣೆಯಲ್ಲಿ ‘ಎಲ್ಲ ಪ್ರದೇಶ, ಎಲ್ಲ ವರ್ಗ’ದವರಿಗೆ ತೆರೆದ ನೇಮಕಾತಿಯ ನೀತಿಯನ್ನು ಹೇಳಲಾಗಿದೆ. ತರಬೇತಿಯ ಭಾಷೆ ಹಿಂದಿ. ಬ್ಯಾರಕಿನಲ್ಲಿ ಮರಾಠಿ ಕಿವಿಗೆ ಬೀಳುತ್ತಲೇ ಇರುತ್ತದೆ. ಕೊಂಕಣಿ ಮನೆಮಾತಿನವರಿಗೆ ಇದು ಬೇಗ ಒಗ್ಗುತ್ತದೆ, ಉಳಿದವರಿಗೆ ಮೊದಲ ಕೆಲವು ವಾರ ಕಷ್ಟವಾಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗರು ಓಟಕ್ಕೆ ಕೊಡುವ ಗಮನದಲ್ಲಿ ಕಾಲುಭಾಗವನ್ನಾದರೂ ಆಡುಮಾತಿನ ಹಿಂದಿಗೆ ಕೊಡುವುದು ಒಳ್ಳೆಯದು. ಆದೇಶ ಅರ್ಥವಾಗದೆ ಸಾಲಿನಲ್ಲಿ ತಡವಾಗಿ ತಿರುಗುವವನ ಮೇಲೆ ತರಬೇತಿ ಕೊಡುವ ಉಸ್ತಾದರ ಕಣ್ಣು ಬೇಗ ಬೀಳುತ್ತದೆ.

ಕರಾವಳಿಯಿಂದ ಆಯ್ಕೆಯಾದವರೆಲ್ಲ ಬೆಳಗಾವಿಗೇ ಹೋಗುತ್ತಾರೆಯೇ?

ಇಲ್ಲ. ಹುದ್ದೆಯ ವರ್ಗ, ಆ ಸಾಲಿನ ಖಾಲಿ ಸ್ಥಾನಗಳು ಮತ್ತು ಅರ್ಹತಾ ಪಟ್ಟಿಯ ಆಧಾರದ ಮೇಲೆ ರೆಜಿಮೆಂಟ್ ಅಥವಾ ಕೋರ್ (ಎಂಜಿನಿಯರ್, ಸರಬರಾಜು ಮುಂತಾದ ಒಂದೊಂದು ಬಗೆಯ ಕೆಲಸದ ವಿಭಾಗ) ನಿರ್ಧಾರವಾಗುತ್ತದೆ. ಬೆಂಗಳೂರಿನ ಹಲಸೂರು ಕಡೆ ಇರುವ ಮದ್ರಾಸ್ ಎಂಜಿನಿಯರ್ ಗ್ರೂಪ್ ಸೇತುವೆ, ಸ್ಫೋಟಕ, ನೆಲಬಾಂಬ್‌ಗಳ ಕೆಲಸ ಕಲಿಸುತ್ತದೆ. ಇದರ ಮೂಲ 1780ರಷ್ಟು ಹಿಂದಿನದು. ತಂತಿಬೇಲಿಗಳನ್ನು ಸೀಳಲು ಜಗತ್ತಿನ ಹಲವು ಸೇನೆಗಳು ಬಳಸಿದ ‘ಬ್ಯಾಂಗಲೋರ್ ಟಾರ್ಪಿಡೊ’ ಎಂಬ ಸ್ಫೋಟಕ ಕೊಳವೆ 1912ರಲ್ಲಿ ರೂಪುಗೊಂಡದ್ದು ಈ ಪಡೆಯ ಅಧಿಕಾರಿಯೊಬ್ಬರ ಕೈಯಲ್ಲಿ. ಸರಬರಾಜು ಕೆಲಸದ ಎಎಸ್‌ಸಿ ಸೆಂಟರ್, ಮಿಲಿಟರಿ ಪೊಲೀಸ್ ಕೇಂದ್ರ ಮತ್ತು ಪ್ಯಾರಾಶೂಟ್ ರೆಜಿಮೆಂಟಿನ ತರಬೇತಿ ಕೇಂದ್ರಗಳೂ ಬೆಂಗಳೂರಿನಲ್ಲೇ ಇವೆ. ಮದ್ರಾಸ್ ರೆಜಿಮೆಂಟಿನ ಕೇಂದ್ರ ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿದೆ, ಫಿರಂಗಿ ದಳದ ಕೇಂದ್ರಗಳು ನಾಸಿಕ್ ರೋಡ್ ಮತ್ತು ಹೈದರಾಬಾದಿನಲ್ಲಿವೆ. ಸಂಪರ್ಕ ವ್ಯವಸ್ಥೆ ನೋಡಿಕೊಳ್ಳುವ ಸಿಗ್ನಲ್ಸ್‌ನ ಎರಡನೇ ತರಬೇತಿ ಕೇಂದ್ರವಂತೂ ಗೋವಾದಲ್ಲಿದೆ. ಉಡುಪಿಯಿಂದ ನೋಡಿದರೆ ಅದು ಬೆಂಗಳೂರಿಗಿಂತ ಹತ್ತಿರ.

ತರಬೇತಿ ಎಷ್ಟು ಕಾಲ? ಅಲ್ಲಿ ಮಾಡಿಸುವುದೇನು?

ಪದಾತಿ ದಳದ ಅಗ್ನಿವೀರರಿಗೆ ಸುಮಾರು 31 ವಾರ. ಅದರಲ್ಲಿ ಮೊದಲ 10 ವಾರ ಮೂಲ ತರಬೇತಿ, ಉಳಿದ 21 ವಾರ ಮುಂದುವರಿದ ತರಬೇತಿ. ಮೊದಲ ಹಂತದಲ್ಲಿ ಬೆಳಗಿನ ಪಿಟಿ, ಡ್ರಿಲ್, ಹಗ್ಗ ಹತ್ತುವುದು, ರೈಫಲನ್ನು ಬಿಚ್ಚಿ ಜೋಡಿಸುವುದು, ನಕಾಶೆ ಓದುವುದು, ಪ್ರಥಮ ಚಿಕಿತ್ಸೆ ಮತ್ತು ಸೇನೆಯ ಶಿಸ್ತಿನ ಪಾಠಗಳಿರುತ್ತವೆ. ಎರಡನೇ ಹಂತದಲ್ಲಿ ಗುಂಡು ಹಾರಿಸುವ ಅಭ್ಯಾಸ, ರಾತ್ರಿ ನಡಿಗೆ, ಬೆನ್ನಿಗೆ ಹೊರೆ ಹೊತ್ತು ದೂರದ ಮಾರ್ಚ್, ಸೆಕ್ಷನ್ ಮಟ್ಟದಲ್ಲಿ ದಾಳಿ ಮತ್ತು ರಕ್ಷಣೆಯ ತಂತ್ರಗಳು ಸೇರುತ್ತವೆ.

ಶರೀರ ಗಟ್ಟಿಯಿದ್ದವರೂ ಸೋಲುವುದು ಸಣ್ಣ ಸಂಗತಿಗಳಲ್ಲಿ. ಕಬ್ಬಿಣದ ಟ್ರಂಕಿನೊಳಗೆ ಸೋಪಿನ ಪೆಟ್ಟಿಗೆ, ಬೂಟ್ ಪಾಲಿಶ್, ಮಡಿಸಿದ ಬನಿಯನ್ನು ಇವೆಲ್ಲ ಹೇಳಿದ ಜಾಗದಲ್ಲೇ ಇರಬೇಕು. ಹಾಸಿಗೆಯ ಚಾದರದ ಅಂಚು ಪಕ್ಕದ ಹಾಸಿಗೆಯ ಅಂಚಿಗೆ ಸರಿಸಮವಾಗಿರಬೇಕು. ಒಬ್ಬನ ಬೂಟು ಮಸುಕಾಗಿದ್ದರೆ ಇಡೀ ಸೆಕ್ಷನ್ ಮೈದಾನ ಸುತ್ತಬೇಕಾದೀತು. ಇದು ಹಠಕ್ಕೆ ಮಾಡಿದ ನಿಯಮದಂತೆ ಕಂಡರೂ, ಕತ್ತಲೆಯಲ್ಲಿ ದೀಪವಿಲ್ಲದೆ ತನ್ನ ಸಾಮಾನನ್ನು ಕೈಗೆಟುಕಿಸಿಕೊಳ್ಳಬೇಕಾದ ಕೆಲಸಕ್ಕೆ ಅದೇ ತಯಾರಿ. ಮೊಬೈಲ್ ಬಳಕೆಗೆ ಕಟ್ಟುನಿಟ್ಟಿನ ಮಿತಿ ಇರುವುದರಿಂದ ಎರಡು ಮೂರು ದಿನ ಕರೆ ಬರಲಿಲ್ಲವೆಂದು ಮನೆಯವರು ಗಾಬರಿಯಾಗಬೇಕಿಲ್ಲ.

ಕಸಂ ಪರೇಡ್‌ಗೆ ಪೋಷಕರು ಹೋಗಬಹುದೇ?

ಆಹ್ವಾನ ಬಂದರೆ ಖಂಡಿತ ಹೋಗಬೇಕು. ತರಬೇತಿ ಮುಗಿಸಿದವರು ರಾಷ್ಟ್ರಧ್ವಜ ಮತ್ತು ರೆಜಿಮೆಂಟಿನ ಧ್ವಜದ ಎದುರು ಪ್ರಮಾಣ ಸ್ವೀಕರಿಸುವ ಸಮಾರಂಭವಿದು. ಬೇರೆ ಬೇರೆ ಧರ್ಮಗಳ ಗುರುಗಳು ತಮ್ಮ ತಮ್ಮ ಗ್ರಂಥಗಳೊಂದಿಗೆ ಮೈದಾನದಲ್ಲಿ ನಿಂತಿರುತ್ತಾರೆ. ಅವರ ಸಮ್ಮುಖದಲ್ಲಿ, ಒಂದೇ ಮಾತುಗಳಲ್ಲಿ, ಎಲ್ಲರೂ ಸಂವಿಧಾನಕ್ಕೆ ನಿಷ್ಠರಾಗಿರುವುದಾಗಿಯೂ ನೆಲ, ಜಲ, ವಾಯು ಮಾರ್ಗಗಳಲ್ಲಿ ಎಲ್ಲಿಗೆ ಕಳುಹಿಸಿದರೂ ಹೋಗುವುದಾಗಿಯೂ ಪ್ರಮಾಣ ಮಾಡುತ್ತಾರೆ. ಪರೇಡ್ ಮುಗಿದ ಮೇಲೆ ತಂದೆತಾಯಿಗೆ ‘ಗೌರವ ಪದಕ’ ತೊಡಿಸುವ ಪದ್ಧತಿ ಇದೆ. ಸಮಾರಂಭ ಬೆಳಿಗ್ಗೆಯೇ ನಡೆಯುವುದರಿಂದ ಹಿಂದಿನ ದಿನವೇ ಬೆಳಗಾವಿ ತಲುಪಿರಬೇಕು. ಆಧಾರ್ ಮುಂತಾದ ಗುರುತಿನ ಚೀಟಿಯ ಮೂಲಪ್ರತಿ ಇಲ್ಲದೆ ಗೇಟಿನೊಳಗೆ ಬಿಡುವುದಿಲ್ಲ.

ಬೆಳಗಾವಿಯಲ್ಲಿ ಕಮಾಂಡೋ ತರಬೇತಿ ಕೊಡುತ್ತಾರಂತೆ. ಹೊಸಬರೂ ಅದಕ್ಕೆ ಸೇರಬಹುದೇ?

ಸೇರಲು ಬಾರದು. ಕಮಾಂಡೋ ತರಬೇತಿ ನಡೆಸುವುದು ಜೂನಿಯರ್ ಲೀಡರ್ಸ್ ವಿಂಗ್‌ಗೆ ಹೊಂದಿಕೊಂಡ ಕಮಾಂಡೋ ವಿಭಾಗ. ಅದಕ್ಕೆ ಬರುವವರು ತಮ್ಮ ಬೆಟಾಲಿಯನ್‌ಗಳಿಂದ ಆಯ್ಕೆಯಾಗಿ ಬಂದ ಅಧಿಕಾರಿಗಳು ಮತ್ತು ಸೈನಿಕರು. ಪ್ರತಿ ಪದಾತಿ ಬೆಟಾಲಿಯನ್‌ನಲ್ಲೂ ‘ಘಾತಕ್’ ಎಂಬ ಸುಮಾರು 20 ಮಂದಿಯ ಒಂದು ಪ್ಲಟೂನ್ ಇರುತ್ತದೆ. ಮುಖ್ಯ ದಾಳಿಗೂ ಮುನ್ನ ಶತ್ರುವಿನ ಬೆನ್ನ ಹಿಂದೆ ನುಸುಳುವುದು, ಬೇಹು ನಡೆಸುವುದು, ಫಿರಂಗಿ ನೆಲೆ ಅಥವಾ ಮದ್ದುಗುಂಡಿನ ದಾಸ್ತಾನನ್ನು ಹೊಡೆಯುವುದು ಅದರ ಕೆಲಸ. ಅವರು ಇಲ್ಲಿ ಹಗ್ಗದ ಮೇಲೆ ಕಣಿವೆ ದಾಟುವುದು, ಬಂಡೆ ಹತ್ತುವುದು, ಶಸ್ತ್ರದೊಂದಿಗೆ ವೇಗದ ಓಟ, ಸ್ಫೋಟಕಗಳ ಬಳಕೆ, ಕಾಡಿನಲ್ಲಿ ಬದುಕುಳಿಯುವುದನ್ನು ಅಭ್ಯಾಸ ಮಾಡುತ್ತಾರೆ. ಸಹ್ಯಾದ್ರಿಯ ಕಾಡು, ಧೋ ಎಂದು ಸುರಿಯುವ ಮಳೆ ಮತ್ತು ಬಯಲುಸೀಮೆಯ ಅಂಚು ಕೂಗಳತೆಯಲ್ಲೇ ಸೇರುವ ಬೆಳಗಾವಿಯ ನೆಲ ಇದಕ್ಕೆ ಹೇಳಿ ಮಾಡಿಸಿದಂತಿದೆ.

ಘಾತಕ್ ಎಂದರೆ ಸ್ಪೆಷಲ್ ಫೋರ್ಸಸ್ ಅಲ್ಲ ಎಂಬುದನ್ನೂ ಹೇಳಬೇಕು. ಪ್ಯಾರಾ ಸ್ಪೆಷಲ್ ಫೋರ್ಸಸ್ ಬೇರೆ ಪಡೆ, ಅದರ ಆಯ್ಕೆಯ ದಾರಿ ಬೇರೆ. ಸಾಮಾಜಿಕ ಜಾಲತಾಣದ ವಿಡಿಯೊಗಳು ಇವೆರಡನ್ನೂ ಬೆರೆಸಿ, ‘ನೇರ ಕಮಾಂಡೋ ನೇಮಕಾತಿ’ ಎಂಬ ಸುಳ್ಳನ್ನು ಹುಡುಗರ ತಲೆಗೆ ತುಂಬುತ್ತಿವೆ.

ವಿದೇಶಿ ಸೈನಿಕರು ಬೆಳಗಾವಿಗೆ ಬರುವುದೇಕೆ?

ಜಂಟಿ ಸಮರಾಭ್ಯಾಸಕ್ಕೆ. 2008ರ ಡಿಸೆಂಬರ್‌ನಲ್ಲಿ ಭಾರತ ಮತ್ತು ಚೀನಾಗಳ ‘ಹ್ಯಾಂಡ್ ಇನ್ ಹ್ಯಾಂಡ್’ ಅಭ್ಯಾಸದ ಎರಡನೇ ಆವೃತ್ತಿ ಇಲ್ಲಿ ನಡೆಯಿತು. ಮೊದಲನೆಯದು ಅದರ ಹಿಂದಿನ ವರ್ಷ ಚೀನಾದ ಕುನ್ಮಿಂಗ್‌ನಲ್ಲಿ ನಡೆದಿತ್ತು. ಮಾಲ್ದೀವ್ಸ್ ಜೊತೆಗಿನ ‘ಏಕುವೆರಿನ್’ ಅಭ್ಯಾಸ 2009ರಲ್ಲಿ ಇಲ್ಲಿಯೇ ಆರಂಭವಾಯಿತು. 2022ರ ಫೆಬ್ರುವರಿ 27ರಿಂದ ಮಾರ್ಚ್ 10ರವರೆಗೆ ಜಪಾನಿನೊಂದಿಗಿನ ‘ಧರ್ಮ ಗಾರ್ಡಿಯನ್’ ಅಭ್ಯಾಸದಲ್ಲಿ ನಮ್ಮ ಕಡೆಯಿಂದ ಮರಾಠಾ ಲೈಟ್ ಇನ್‌ಫೆಂಟ್ರಿಯ 15ನೇ ಬೆಟಾಲಿಯನ್, ಜಪಾನಿನಿಂದ ಅದರ ನೆಲಸೇನೆಯ 30ನೇ ಪದಾತಿ ರೆಜಿಮೆಂಟ್ ಪಾಲ್ಗೊಂಡಿದ್ದವು.

ಇಂಥ ಅಭ್ಯಾಸಗಳಲ್ಲಿ ಸಾಮಾನ್ಯವಾಗಿ ಎರಡೂ ಕಡೆಯಿಂದ ಒಂದೊಂದು ಕಂಪನಿಯಷ್ಟು ಮಂದಿ ಇರುತ್ತಾರೆ. ಭಯೋತ್ಪಾದಕರು ಅಡಗಿದ ಮನೆಯನ್ನು ಸುತ್ತುವರಿದು ಒಳನುಗ್ಗುವುದು, ಕಾಡಿನಲ್ಲಿ ಶೋಧ, ಗಾಯಾಳುಗಳ ಸಾಗಣೆ ಇವನ್ನು ಮೊದಲು ಬೇರೆ ಬೇರೆಯಾಗಿ ತೋರಿಸಿ, ಅನಂತರ ಬೆರೆತ ತಂಡಗಳಲ್ಲಿ ಮಾಡುತ್ತಾರೆ. ಎರಡು ಸೇನೆಗಳ ಆಜ್ಞೆ, ಸನ್ನೆ, ರೇಡಿಯೊ ಪದ್ಧತಿ ಒಂದಕ್ಕೊಂದು ಹೊಂದುವಂತೆ ಮಾಡುವುದು ಇದರ ಮುಖ್ಯ ಲಾಭ. ವಿದೇಶಿ ಪಡೆ ಬೆಳಗಾವಿಯಲ್ಲಿ ಕಾಯಂ ನೆಲೆ ಹೂಡಿದೆ ಎಂಬ ಮಾತು ಆಗಾಗ ಹರಿದಾಡುತ್ತದೆ, ಅದಕ್ಕೆ ಆಧಾರವಿಲ್ಲ.

ನೆರೆ, ಗುಡ್ಡ ಕುಸಿತದ ಸಮಯದಲ್ಲಿ ಸೇನೆ ಬರುವುದು ಎಲ್ಲಿಂದ?

ಜಿಲ್ಲಾಡಳಿತದ ಬೇಡಿಕೆ ರಾಜ್ಯ ಸರ್ಕಾರದ ಮೂಲಕ ಸೇನೆಗೆ ತಲುಪಿದಾಗ ಹತ್ತಿರದ ನೆಲೆಯಿಂದ ತಂಡ ಹೊರಡುತ್ತದೆ. 2024ರ ಜುಲೈಯಲ್ಲಿ ಅಂಕೋಲಾ ಬಳಿಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದಾಗ ಬೆಳಗಾವಿಯಿಂದ ಸೇನೆಯ ತಂಡ ಬಂದಿತ್ತು. ಅದೇ ತಿಂಗಳ ಕೊನೆಯಲ್ಲಿ ವಯನಾಡಿನ ಚೂರಲ್‌ಮಲದಲ್ಲಿ ಕೊಚ್ಚಿಹೋದ ಸೇತುವೆಯ ಜಾಗದಲ್ಲಿ 190 ಅಡಿ ಉದ್ದದ ಬೈಲಿ ಸೇತುವೆ (ಸಿದ್ಧ ಉಕ್ಕಿನ ಭಾಗಗಳನ್ನು ಜೋಡಿಸುವ ಸೇತುವೆ) ಕಟ್ಟಿದವರು ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನವರು. ಸಮುದ್ರದಲ್ಲಿ ಮೀನುಗಾರರ ರಕ್ಷಣೆ ಕೋಸ್ಟ್ ಗಾರ್ಡ್‌ನ ಹೊಣೆ. ಅದಕ್ಕೆ ಬೆಳಗಾವಿಗೆ ಫೋನು ಮಾಡಿ ಪ್ರಯೋಜನವಿಲ್ಲ.

ಹೆಣ್ಣುಮಕ್ಕಳಿಗೆ ಬೆಳಗಾವಿಯಲ್ಲಿ ತರಬೇತಿ ಇದೆಯೇ?

ಭೂಸೇನೆಯ ಪದಾತಿ ದಳದಲ್ಲಿ ಮಹಿಳೆಯರ ನೇಮಕಾತಿ ಇಲ್ಲದಿರುವುದರಿಂದ ಎಂಎಲ್‌ಐಆರ್‌ಸಿಯಲ್ಲಿ ಇಲ್ಲ. ಸೈನಿಕ ದರ್ಜೆಯಲ್ಲಿ ಮಹಿಳೆಯರು ಸೇರುವುದು ಮಿಲಿಟರಿ ಪೊಲೀಸ್ ಕೋರ್‌ಗೆ. ಅದರ ತರಬೇತಿ ಬೆಂಗಳೂರಿನಲ್ಲಿ ನಡೆಯುತ್ತದೆ, 83 ಮಂದಿಯ ಮೊದಲ ತಂಡ 2021ರ ಮೇಯಲ್ಲಿ ಹೊರಬಂತು. ವಾಯುಪಡೆ ಬಯಸುವವರಿಗೆ ಮಾತ್ರ ಬೆಳಗಾವಿಯೇ ತಾಣ: ಮಹಿಳಾ ಅಗ್ನಿವೀರ್‌ವಾಯುಗಳ ಮೊದಲ ತಂಡ 2023ರ ಡಿಸೆಂಬರ್‌ನಲ್ಲಿ ಸಾಂಬ್ರಾದಿಂದಲೇ ಹೊರಬಂತು.

ಅಗ್ನಿವೀರನಿಗೆ ಸಿಗುವುದೆಷ್ಟು? ನಾಲ್ಕು ವರ್ಷದ ನಂತರ ಏನು?

2022ರ ಜೂನ್ 14ರಂದು ಘೋಷಣೆಯಾದ ಯೋಜನೆಯಂತೆ ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ಕೊನೆಯ ವರ್ಷ 40,000 ರೂಪಾಯಿ. ಇದರಲ್ಲಿ ಶೇ 30ರಷ್ಟು ಸೇವಾ ನಿಧಿಗೆ ಕಡಿತವಾಗಿ, ಮೊದಲ ವರ್ಷ ಕೈಗೆ ಸಿಗುವುದು 21,000. ಸರ್ಕಾರವೂ ಅಷ್ಟೇ ಮೊತ್ತ ಸೇರಿಸುವುದರಿಂದ ನಾಲ್ಕು ವರ್ಷದ ಕೊನೆಗೆ ಬಡ್ಡಿ ಸೇರಿ ಸುಮಾರು 11.71 ಲಕ್ಷ ರೂಪಾಯಿ ತೆರಿಗೆರಹಿತವಾಗಿ ಬರುತ್ತದೆ. ಸೇವಾವಧಿಯಲ್ಲಿ 48 ಲಕ್ಷ ರೂಪಾಯಿಯ ಜೀವವಿಮೆ ಇದೆ. ಒಂದು ತಂಡದಲ್ಲಿ ಶೇ 25ರವರೆಗಿನವರಿಗೆ ಕಾಯಂ ಸೇವೆಯ ಅವಕಾಶ. ಉಳಿದವರಿಗೆ ಪಿಂಚಣಿಯಾಗಲಿ ಗ್ರಾಚ್ಯುಟಿಯಾಗಲಿ ಇಲ್ಲ. ಹಿಂದೆ ಹದಿನೇಳು ವರ್ಷ ದುಡಿದು ಪಿಂಚಣಿಯೊಂದಿಗೆ ಬಂದ ಮಾವನ ಲೆಕ್ಕವನ್ನು ಇಂದು ಭರ್ತಿಯಾಗುವ ಅಳಿಯನಿಗೆ ಅನ್ವಯಿಸಿ ಮನೆಸಾಲದ ಯೋಜನೆ ಹಾಕುವುದು ಅವಿವೇಕ. ಪಿಯುಸಿ ಮುಗಿಸಿ ಸೇರುವವನು ಸೇವೆಯಲ್ಲಿರುವಾಗಲೇ ದೂರಶಿಕ್ಷಣದ ಪದವಿಗೆ ನೋಂದಾಯಿಸಿಕೊಳ್ಳುವುದು ಜಾಣತನ.

ನೇಮಕಾತಿಯ ಓಟಕ್ಕೆ ಪಣಂಬೂರು, ಮಲ್ಪೆ ಕಡಲ ತೀರದಲ್ಲಿ ಅಭ್ಯಾಸ ಮಾಡಿದರೆ ಸಾಕೇ?

ಸಾಲದು. ಪರೀಕ್ಷೆಯಲ್ಲಿ ಓಡಬೇಕಾದದ್ದು 1.6 ಕಿಲೋಮೀಟರ್, 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದವರಿಗೆ ಪೂರ್ಣ 60 ಅಂಕ, ತಡವಾದಂತೆ ಅಂಕ ಇಳಿಯುತ್ತದೆ. 10 ಪುಲ್‌ಅಪ್‌ಗೆ 40 ಅಂಕ. ಒಂಬತ್ತು ಅಡಿ ಹಳ್ಳ ಜಿಗಿಯುವುದು ಮತ್ತು ಅಂಕುಡೊಂಕು ತೊಲೆಯ ಮೇಲೆ ನಡೆಯುವುದರಲ್ಲಿ ಪಾಸಾದರೆ ಸಾಕು. ಮರಳಿನ ಓಟ ಕಾಲಿನ ಸ್ನಾಯುಗಳಿಗೆ ಶಕ್ತಿ ಕೊಡುತ್ತದೆ, ಆದರೆ ಗಟ್ಟಿ ನೆಲದ ಹೆಜ್ಜೆಯ ಲಯವನ್ನು ಕಲಿಸುವುದಿಲ್ಲ. ತೀರದಲ್ಲಿ ದೂರದ ಅಳತೆಯೂ ಅಂದಾಜಿನದೇ. ಮಂಗಳೂರಿನ ಮಂಗಳಾ ಕ್ರೀಡಾಂಗಣ ಅಥವಾ ಉಡುಪಿಯ ಅಜ್ಜರಕಾಡಿನ 400 ಮೀಟರ್ ಟ್ರ್ಯಾಕಿನಲ್ಲಿ ವಾರಕ್ಕೊಮ್ಮೆಯಾದರೂ ಗಡಿಯಾರ ಹಿಡಿದು ನಾಲ್ಕು ಸುತ್ತು ಓಡಬೇಕು. ಹೆಚ್ಚಿನವರು ಸೋಲುವುದು ಮೂರನೇ ಸುತ್ತಿನಲ್ಲಿ: ಗುಂಪಿನೊಂದಿಗೆ ಮೊದಲ ಸುತ್ತನ್ನು ಮಿತಿಮೀರಿ ಓಡಿ, ಮೂರನೆಯದರಲ್ಲಿ ಕೈಕಾಲು ಬಿಗಿದು ನಿಲ್ಲುತ್ತಾರೆ.

2023ರಿಂದ ಆನ್‌ಲೈನ್ ಪ್ರವೇಶ ಪರೀಕ್ಷೆ ಮೊದಲು, ಓಟ ಮುಂತಾದ ದೈಹಿಕ ಪರೀಕ್ಷೆಯ ರ‍್ಯಾಲಿ ಆಮೇಲೆ. ಲಿಖಿತ ಪರೀಕ್ಷೆಯಲ್ಲಿ ಉತ್ತೀರ್ಣರಾಗದೆ ಓಡುವ ಅವಕಾಶವೇ ಇಲ್ಲದ ಕಾರಣ, ಗಣಿತ ಮತ್ತು ಸಾಮಾನ್ಯ ವಿಜ್ಞಾನಕ್ಕೆ ಹಿಂದಿಗಿಂತ ಹೆಚ್ಚಿನ ತೂಕ ಬಂದಿದೆ. ಸಾಮಾನ್ಯ ಸೈನಿಕ ಹುದ್ದೆಯಾದ ಜನರಲ್ ಡ್ಯೂಟಿಗೆ ಎಸ್‌ಎಸ್‌ಎಲ್‌ಸಿಯಲ್ಲಿ ಒಟ್ಟು ಶೇ 45, ಪ್ರತಿ ವಿಷಯದಲ್ಲಿ ಶೇ 33 ಅಂಕ ಬೇಕು. ಕರ್ನಾಟಕದವರಿಗೆ ಎತ್ತರ 166 ಸೆಂಟಿಮೀಟರ್.

ಎನ್‌ಸಿಸಿಯಿಂದ ನಿಜವಾದ ಪ್ರಯೋಜನ ಉಂಟೇ?

ಉಂಟು, ಮತ್ತು ನಮ್ಮ ಕಡೆ ಅದು ಸುಲಭವಾಗಿ ಸಿಗುತ್ತದೆ: ಮಂಗಳೂರಿನಲ್ಲಿ 18ನೇ, ಉಡುಪಿಯಲ್ಲಿ 21ನೇ ಕರ್ನಾಟಕ ಬೆಟಾಲಿಯನ್‌ಗಳಿವೆ, ನೌಕಾ ಮತ್ತು ವಾಯು ಘಟಕಗಳೂ ಇವೆ. ಪ್ರಮಾಣಪತ್ರಕ್ಕೆ ಅಗ್ನಿವೀರ ನೇಮಕಾತಿಯಲ್ಲಿ ಹೆಚ್ಚುವರಿ ಅಂಕ ದೊರೆಯುತ್ತದೆ. ಆದರೆ ಅದಕ್ಕಿಂತ ದೊಡ್ಡ ಬಾಗಿಲು ಪದವೀಧರರಿಗೆ ತೆರೆದಿದೆ: ಪದವಿಯಲ್ಲಿ ಶೇ 50 ಅಂಕ ಮತ್ತು ಕನಿಷ್ಠ ಬಿ ಗ್ರೇಡಿನ ‘ಸಿ’ ಪ್ರಮಾಣಪತ್ರ ಇದ್ದವರು ಅಧಿಕಾರಿಗಳ ಆಯ್ಕೆಗೆ ನಡೆಯುವ ಸಿಡಿಎಸ್ ಲಿಖಿತ ಪರೀಕ್ಷೆಯಿಲ್ಲದೆ ವಿಶೇಷ ಪ್ರವೇಶಕ್ಕೆ ಅರ್ಜಿ ಹಾಕಿ, ಆಯ್ದ ಪಟ್ಟಿಗೆ ಸೇರಿದರೆ ನೇರವಾಗಿ ಸೇನಾ ಆಯ್ಕೆ ಮಂಡಳಿಯ (ಎಸ್‌ಎಸ್‌ಬಿ) ಸಂದರ್ಶನಕ್ಕೆ ಹೋಗಬಹುದು. ಇದು ಅಧಿಕಾರಿಯಾಗುವ ದಾರಿ. ಕಾಲೇಜುಗಳಲ್ಲಿ ಇದರ ಬಗ್ಗೆ ಹೇಳುವವರು ಕಡಿಮೆಯಾದ್ದರಿಂದ ಅರ್ಹರಾದ ಎಷ್ಟೋ ಕೆಡೆಟ್‌ಗಳು ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಸುಮ್ಮನಾಗುತ್ತಾರೆ.

ಹಣ ಕೊಟ್ಟರೆ ‘ಸೆಂಟರ್‌ನಲ್ಲಿ ಪರಿಚಯವಿದೆ’ ಎನ್ನುವವರನ್ನು ನಂಬಬಹುದೇ?

ನಂಬಬಾರದು. ಪರೀಕ್ಷೆ ಗಣಕೀಕೃತ, ಓಟ ಬಹಿರಂಗ, ಅರ್ಹತಾ ಪಟ್ಟಿ ಪ್ರಕಟವಾಗುತ್ತದೆ. ರೆಜಿಮೆಂಟಲ್ ಸೆಂಟರ್‌ಗೆ ಆಯ್ಕೆಯ ಅಧಿಕಾರವೇ ಇಲ್ಲ. ನೇಮಕಾತಿ ಕಚೇರಿ ಕಳುಹಿಸಿದವರನ್ನು ಅದು ತರಬೇತಿಗೆ ತೆಗೆದುಕೊಳ್ಳುತ್ತದೆ. ಮೂಲ ಅಂಕಪಟ್ಟಿಯನ್ನು ಯಾರ ಕೈಗೂ ಕೊಡಬೇಡಿ.

ನೆಲೆಯನ್ನು ನೋಡಲು ಹೋಗಬಹುದೇ? ಬೆಳಗಾವಿಗೆ ಹೋಗುವುದು ಹೇಗೆ?

ತರಬೇತಿ ಪ್ರದೇಶ ಪ್ರವಾಸಿ ತಾಣವಲ್ಲ. ಅನುಮತಿಯಿಲ್ಲದೆ ಪ್ರವೇಶವಿಲ್ಲ, ಗೇಟು ಮತ್ತು ಕಾವಲುಗಾರರ ಫೋಟೊ ತೆಗೆಯುವುದು ಅಪರಾಧ. ಕೋಟೆಯೊಳಗಿನ ಕಮಲ ಬಸದಿ ಮತ್ತು ಸಫಾ ಮಸೀದಿಗೆ ಸಾರ್ವಜನಿಕರು ಹೋಗಬಹುದು. 1204ರ ಆ ಬಸದಿಯ ಚಾವಣಿಯ ಕಲ್ಲಿನ ಕಮಲವನ್ನು ಕಾರ್ಕಳ, ಮೂಡುಬಿದಿರೆಯವರು ನೋಡದೆ ಬರಬಾರದು. ಪ್ರಯಾಣಕ್ಕೆ ಮಂಗಳೂರು, ಉಡುಪಿಯಿಂದ ರಾತ್ರಿ ಬಸ್ಸುಗಳೇ ಅನುಕೂಲ. ಮಡಗಾಂವ್, ಲೋಂಡಾ ದಾರಿಯಾಗಿ ರೈಲಿನಲ್ಲೂ ಹೋಗಬಹುದು, ಸಮಯ ಹೊಂದಿಸಿಕೊಳ್ಳುವುದು ಸ್ವಲ್ಪ ಕಷ್ಟ.

ತೀರಿಕೊಂಡ ನಿವೃತ್ತ ಸೈನಿಕರ ಕುಟುಂಬ ಪಿಂಚಣಿಗೆ ಬೆಳಗಾವಿಗೆ ಬರೆಯಬೇಕೇ?

ಅವರು ಮರಾಠಾ ಲೈಟ್ ಇನ್‌ಫೆಂಟ್ರಿಯವರಾಗಿದ್ದರೆ ಹೌದು. ರೆಜಿಮೆಂಟಿನ ರೆಕಾರ್ಡ್ ಆಫೀಸ್ ಇರುವುದು ಅಲ್ಲಿಯೇ. ಬೇರೆ ಪಡೆಯವರಾಗಿದ್ದರೆ ಆ ಪಡೆಯ ರೆಕಾರ್ಡ್ ಆಫೀಸ್‌ಗೆ ಬರೆಯಬೇಕು. ವಿಳಾಸ ತಿಳಿಯದಿದ್ದರೆ ಡಿಸ್‌ಚಾರ್ಜ್ ಬುಕ್‌ನ ಮೊದಲ ಪುಟ ನೋಡಿ: ಸರ್ವಿಸ್ ನಂಬರ್, ರೆಜಿಮೆಂಟ್, ನಾಮನಿರ್ದೇಶಿತರ ಹೆಸರು ಅಲ್ಲಿ ಇರುತ್ತವೆ. ಅಲ್ಲಿ ‘ಲಕ್ಷ್ಮೀ ಶೆಡ್ತಿ’ ಎಂದಿದ್ದು ಆಧಾರ್‌ನಲ್ಲಿ ‘ಲಕ್ಷ್ಮೀ ಶೆಟ್ಟಿ’ ಎಂದಿದ್ದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ತುಳುನಾಡಿನ ಹಳೆಯ ಕಾಗದಗಳಲ್ಲಿ ಹೆಂಗಸರ ಹೆಸರನ್ನು ಬರೆಯುತ್ತಿದ್ದ ರೀತಿಯಿಂದ ಈ ತೊಡಕು ಮತ್ತೆ ಮತ್ತೆ ಬರುತ್ತದೆ. ಹೆಸರಿನ ತಿದ್ದುಪಡಿ ಪಾರ್ಟ್ ಟೂ ಆರ್ಡರ್ (ಸೇವಾ ದಾಖಲೆಯ ಬದಲಾವಣೆಯನ್ನು ನಮೂದಿಸುವ ಸೇನೆಯ ಆದೇಶ) ಮೂಲಕ ಆಗಬೇಕಾಗಿದ್ದು, ಅದನ್ನು ಸೈನಿಕರು ಬದುಕಿರುವಾಗಲೇ ಮಾಡಿಸಿಟ್ಟರೆ ಮುಂದಿನ ಅಲೆದಾಟ ತಪ್ಪುತ್ತದೆ. ಪಿಂಚಣಿ ಪಾವತಿ ಈಗ ‘ಸ್ಪರ್ಶ್’ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ ನಡೆಯುತ್ತದೆ. ಅರ್ಜಿ ತುಂಬಿಸಲು ಮಂಗಳೂರಿನ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ನೆರವು ದೊರೆಯುತ್ತದೆ. ಹೋಗುವಾಗ ಡಿಸ್‌ಚಾರ್ಜ್ ಬುಕ್, ಪಿಪಿಒ (ಪಿಂಚಣಿ ಪಾವತಿ ಆದೇಶ), ಮರಣ ಪ್ರಮಾಣಪತ್ರ, ಇಬ್ಬರ ಆಧಾರ್ ಮತ್ತು ಬ್ಯಾಂಕ್ ಪಾಸ್‌ಪುಸ್ತಕದ ಮೂಲಪ್ರತಿಗಳನ್ನೂ ನಕಲುಗಳನ್ನೂ ಒಯ್ಯಬೇಕು.